ಸ್ಟೀಲಿನ ಬಿಲ್ಲೆ

ಟೀಪಾಯಿಯ ಗಾಜಿನಡಿಯ ಬಿಲ್ಲೆ ಮತ್ತೆ ಕಳಚಿಕೊಂಡಿತು.
ಯಾರೂ ಮುಟ್ಟಿರಲಿಲ್ಲ. ರಾತ್ರಿ ಎರಡರ ಹೊತ್ತಿಗೆ ಟಣ್ ಅಂತ.
ಎದ್ದು ದೀಪ ಹಾಕಿದರೆ ಮೊಸಾಯಿಕ್ ನೆಲದ ಮೇಲೆ
ಯಾರೋ ಬೀಳಿಸಿಕೊಂಡು ಹೋದ ನಾಣ್ಯದ ಹಾಗೆ, ತಣ್ಣಗೆ.

ಮೊದಲ ಸಲ ಹಾಕಿದ್ದು ಐದು ರೂಪಾಯಿಯ ಫೆವಿಕ್ವಿಕ್.
ಕ್ಷಣದಲ್ಲಿ ಹಿಡಿಯಿತು, ನನ್ನ ಹೆಬ್ಬೆರಳನ್ನೂ ಸೇರಿಸಿ.
ಗಾಜಿನ ಮೇಲೆ ಮಜ್ಜಿಗೆ ಚೆಲ್ಲಿದಂಥ ಮಬ್ಬು.
ದೀಪಾವಳಿಗೆ ಒದ್ದೆಬಟ್ಟೆಯಲ್ಲಿ ಒರೆಸಿದೆ, ಮುಗಿಯಿತು.

ಆಮೇಲೆ ಎರಡು ಟ್ಯೂಬಿನದು.
ಹಳೆಯ ಲಗ್ನಪತ್ರಿಕೆಯ ಬೆನ್ನ ಮೇಲೆ ಸಮಸಮ ಹಿಂಡಿ
ಬೆಂಕಿಕಡ್ಡಿಯಲ್ಲಿ ಕಲಸಿ, ಹಚ್ಚಿ,
ಮೇಲೆ ಒರಳಿನ ಗುಂಡು ಹೇರಿ
ಒಂದು ಹಗಲು ಒಂದು ರಾತ್ರಿ ಮನೆಯವರನ್ನೆಲ್ಲ ಮೆಲ್ಲಗೆ ನಡೆಸಿದೆ.
ಏಪ್ರಿಲ್ ದಾಟುವ ತನಕ ಮರ್ಯಾದೆಯಾಗಿ ನಿಂತಿತ್ತು.

ಎಸ್.ಜೆ.ಪಿ. ರಸ್ತೆಯ ಮುಷೀರ್ ಬಿಲ್ಲೆಯನ್ನು ತಿರುಗಿಸಿ ನೋಡಿ ನಕ್ಕ.
‘ಗುಂಡು ಹೇರಿದಿರಾ? ಹಂಗೆ ಅದುಮಿದರೆ ಅಂಟೆಲ್ಲ ಪಕ್ಕಕ್ಕೆ ಓಡಿಹೋಗತ್ತೆ,
ನಡುವೆ ಏನೂ ಉಳಿಯಲ್ಲ.
ಬಿಸಿಲಿಗೆ ಸ್ಟೀಲು ಒಂಚೂರು ಜಾಸ್ತಿ ಹಿಗ್ಗತ್ತೆ ಅಕ್ಕಾ, ಗಾಜು ಒಂಚೂರು ಕಮ್ಮಿ.
ಇಬ್ಬರದ್ದೂ ತಪ್ಪಿಲ್ಲ.’
ಗಲ್ಲದ ಕೆಳಗಿಂದ ಕರೀ ಸೀಸೆಯೊಂದನ್ನು ತೆಗೆದ, ಕಾಡಿಗೆಡಬ್ಬಿಯಷ್ಟು.
‘ಇದಕ್ಕೆ ಬಿಸಿಲೇ ಬೇಕು. ಬಿಲ್ಲೆ ಕೆಳಗೆ, ಸೂರ್ಯ ಮೇಲೆ.
ಬೆಳಕು ಗಾಜು ದಾಟಿ ಬಂದು ಮುಟ್ಟಿದರೆ ಮಾತ್ರ ಗಟ್ಟಿ.’

ಆಷಾಢದಲ್ಲಿ, ಶ್ರೀನಗರದಲ್ಲಿ, ಬಿಸಿಲು ಕೊಂಡುಕೊಂಡು ಬಾ ಅಂದ ಹಾಗೆ.

ನಾಲ್ಕು ದಿನ ಮೋಡ.
ಐದನೆಯ ದಿನ ಗೊತ್ತಾದದ್ದು: ಆ ಗಾಜನ್ನು ಮಹಡಿಗೆ ಒಬ್ಬಳೇ ಹೊರಲಾರೆ.
ಎಣ್ಣೆಪಸೆ ತೆಗೆಯಲು ನೇಲ್‌ಪಾಲಿಶ್ ಅಳಿಸುವ ನೀರೂ ಬೇಕು,
ನನ್ನ ಉಗುರುಗಳಿಗೆ ಬಣ್ಣದ ಅಭ್ಯಾಸವಿಲ್ಲ.
ಎರಡೂ ಇದ್ದದ್ದು ಮೇಲಿನ ಮನೆಯಲ್ಲಿ.

ಜಲಜಾಕ್ಷಿ, ನನ್ನ ವಾರಗಿತ್ತಿ.
ಯುಗಾದಿಯಿಂದ ಮಾತಿಲ್ಲ.
ಮೋಟಾರ್ ಆರಿಸದೆ ಮಲಗಿದ್ದು ಯಾರು,
ಸಂಪು ಬರಿದಾದದ್ದು ಯಾರಿಂದ,
ಟ್ಯಾಂಕರಿನ ಎಂಟುನೂರು ಯಾರ ಲೆಕ್ಕಕ್ಕೆ.

ಬಾಗಿಲು ತೆರೆದಳು. ನನ್ನ ಮುಖ ನೋಡಲಿಲ್ಲ, ಬಿಲ್ಲೆ ನೋಡಿದಳು.
ಹತ್ತಿ ತಂದಳು, ಸೀಸೆ ತಂದಳು,
ನಾನು ಒರೆಸಿದ್ದನ್ನು ಕಿತ್ತುಕೊಂಡು ಮತ್ತೆ ಒರೆಸಿದಳು.
‘ನಿನ್ನ ಬೆರಳಲ್ಲಿ ಯಾವಾಗಲೂ ಒಗ್ಗರಣೆ’ ಅಂದಳು.
ನಾಲ್ಕು ತಿಂಗಳಿಗೆ ಅದೇ ಮೊದಲ ಮಾತು.

ಮೂರೂಕಾಲಿಗೆ ಮೋಡ ಒಂದು ಕಡೆ ಸವೆಯಿತು.
ಓಡಿದೆವು. ಮೆಟ್ಟಿಲ ತಿರುವಿನಲ್ಲಿ ಗಾಜು ನನ್ನ ಕಡೆ ವಾಲಿತು,
‘ಹಿಡಿ, ಹಿಡಿ’ ಅಂದವರು ಇಬ್ಬರೂ.
ನೀಲಿ ಡ್ರಮ್ಮಿಗೂ ಮೋಟುಗೋಡೆಗೂ ಅಡ್ಡಲಾಗಿ ಗಾಜು.
ಅವಳು ಕೆಳಗೆ ಕುಕ್ಕರುಗಾಲಲ್ಲಿ, ಬಿಲ್ಲೆಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು,
ನಾನು ಮೇಲೆ, ಗೆರೆಗೆ ಸರಿಯಾಗಿದೆಯೇ ಅಂತ ಬಗ್ಗಿ ನೋಡುತ್ತ.
ಬಿಸಿಲು ಬಂತು.
ಗಾಜಿನೊಳಗಿಂದ ಅವಳ ಮುಖ, ಕಣ್ಣು ಕಿರಿದಾಗಿ,
ಬೈತಲೆಯಲ್ಲಿ ಹೋದ ವರ್ಷ ಇರದ ಬಿಳಿ.

‘ಸಾಕಾ?’
‘ಇನ್ನೂ ಇಲ್ಲ.’
‘ಕೈ ನೋಯತ್ತೆ.’
‘ಗುಳ್ಳೆಯೊಂದು ಉಳಿದಿದೆ ಕಣೇ, ಸಾಸಿವೆಯಷ್ಟು.’
‘ಇರಲಿ ಬಿಡು.’

ಮರವಾಗಿದ್ದರೆ ಮುಚ್ಚಿಕೊಳ್ಳುತ್ತಿತ್ತು.
ಗಾಜು ಎಲ್ಲಿ ಅಂಟಿಸಿದ್ದೇವೆಂದು
ಬಂದವರಿಗೆಲ್ಲ ತೋರಿಸುತ್ತದೆ.

ಹನ್ನೆರಡು ನಿಮಿಷ ಇತ್ತು ಆ ಬಿಸಿಲು. ಎಣಿಸಿದ್ದು ಅವಳು.
ನಿನ್ನೆ ಕೆಳಗೆ ಬಂದಾಗ ಲೋಟವನ್ನು ಸರಿಯಾಗಿ ಆ ಗುಳ್ಳೆಯ ಮೇಲೇ ಇಟ್ಟಳು,
ಕಾಫಿಗೆ ಸಕ್ಕರೆ ಕಮ್ಮಿ ಅಂದಳು.
ಟ್ಯಾಂಕರಿನ ದುಡ್ಡಿನ ಮಾತು
ಇನ್ನೂ ಎತ್ತಿಲ್ಲ, ನಾನೂ, ಅವಳೂ.