ಮುಕ್ಕಾಲು ಅಂಗುಲ

ಮತ್ರಾದ ಹೋಟೆಲಿನ ದೊಡ್ಡ ಸಭಾಂಗಣದಲ್ಲಿ
ಬೆಳಗಾಗುವುದರೊಳಗೆ ಎರಡು ಮೇಜು ಕೂಡಿಸಬೇಕಿತ್ತು.
ಒಂದು ಕೊಲ್ಲಿಯ ಮಂಡಳಿಯವರದು,
ಇನ್ನೊಂದು ಕಡಲಾಚೆಯ ಖಂಡದ ಒಕ್ಕೂಟದವರದು.
ಬಟ್ಟೆ ಹಾಸಿದರೆ ಒಂದೇ ಅನ್ನಿಸಬೇಕು,
ಯಾರೂ ಯಾರಿಗಿಂತ ಮೇಲೆ ಕೂರಕೂಡದು,
ಶಿಷ್ಟಾಚಾರದ ಅಧಿಕಾರಿ ಮೂರು ಸಲ ಹೇಳಿಹೋದ.

ಅಳೆದೆ. ಮುಕ್ಕಾಲು ಅಂಗುಲ ಹೆಚ್ಚುಕಮ್ಮಿ.
ಎತ್ತರದ್ದರ ಕಾಲು ಕೊಯ್ಯಲೇ,
ಗಿಡ್ಡದ್ದರ ಅಡಿಗೆ ಚಕ್ಕೆ ಕೊಡಲೇ?
ಕೊಯ್ದ ಮರ ಮತ್ತೆ ಬೆಳೆಯುವುದಿಲ್ಲ ಮಾಬ್ಲಾ,
ಅಪ್ಪ ಅಂಕೋಲೆಯಲ್ಲಿ ಗದರುತ್ತಿದ್ದ,
ಮೊದಲು ಚಕ್ಕೆ, ಆಮೇಲೆ ಗರಗಸ.

ಬಾಬಿಕರ್ ಗ್ಲಾಸು ಒರೆಸುತ್ತಿದ್ದ.
ನಾಳೆ ಅವರು ಮಾತಾಡುವುದು ಅವನ ಊರಿನ ಬಗ್ಗೆಯೇ.
ಅಲ್ಲಿ ಆಸ್ಪತ್ರೆ ರಸ್ತೆಯಲ್ಲಿ ಅವನ ಅಕ್ಕ;
ಫೋನು ಸಿಗದೆ ಹತ್ತೊಂಬತ್ತು ದಿನ.
ಒಂದೇ ಗ್ಲಾಸನ್ನು ಒರೆಸಿದ, ಒರೆಸಿದ.

ಮರುದಿನ ಬಾಗಿಲ ಸಂದಿಯಲ್ಲಿ ನಿಂತಿದ್ದೆ
(ಮೇಜು ಕಿರುಗುಟ್ಟಿದರೆ ನಾನೇ ಓಡಬೇಕಲ್ಲ).
ಹಣ ಇವರದು, ಬೂಟು ಅವರದು.
ವಿಮಾನ ಯಾರದು? ಲೆಕ್ಕ ಬರೆಯುವವರು ಯಾರು?
ನಡುರಾತ್ರಿ ಗುಂಡು ಹಾರಿದರೆ
ಮೊದಲು ಯಾರ ಮನೆಯ ಫೋನು ಬಾರಿಸಬೇಕು?
'ಉಸ್ತುವಾರಿ' ಎಂದು ಬರೆಯಿರಿ ಎಂದರು ಇವರು,
'ಜೊತೆಗಾರಿಕೆ' ಎಂದರು ಅವರು.
ಒಂದು ಪದಕ್ಕೆ ಎರಡು ತಾಸು, ಮೂರು ಸುತ್ತು ಕಹ್ವಾ.
ಗಾಜಿನ ಗೂಡಿನಲ್ಲಿದ್ದ ದುಭಾಷಿ ಹೆಂಗಸು
ಒಂದು ಗುಟುಕು ನೀರು ಕುಡಿದು
ಒಬ್ಬರ ಸಿಟ್ಟನ್ನು ತುಸು ತಡೆದು
ಇನ್ನೊಬ್ಬರ ಕಿವಿಗೆ ದಾಟಿಸಿದಳು.
ಅವಳೂ ನಮ್ಮ ಕಸುಬಿನವಳೇ ಅಂದುಕೊಂಡೆ.

ಹಿಂದೆ ಈ ರೇವಿಗೆ ನಮ್ಮ ಕಡೆಯ ತೇಗ ಬರುತ್ತಿತ್ತಂತೆ.
ಹಲಗೆಗೆ ಹಲಗೆ ತಾಗಿಸಿ
ತೆಂಗಿನ ಹುರಿಯಲ್ಲಿ ಹೊಲಿಯುತ್ತಿದ್ದರಂತೆ.
ಒಂದೂ ಮೊಳೆಯಿಲ್ಲದ ಹಡಗು
ಆಚೆ ದಡ ಮುಟ್ಟಿ ಬರುತ್ತಿತ್ತು.
ನೀರು ಒಳಗೆ ಬರುತ್ತಲೇ ಇತ್ತಂತೆ, ಅದೂ ನಿಜ;
ಒಬ್ಬ ಸದಾ ಮೊಗೆದು ಚೆಲ್ಲುತ್ತಲೇ ಇರಬೇಕು.

ಸಂಜೆಗೆ ಒಂದೂವರೆ ಪುಟ. ಸಹಿ. ಫೋಟೋ.
ಮೇಜು ಅಲುಗಲಿಲ್ಲ.
ಏನಾಯಿತು, ಬಾಬಿಕರ್ ಕೇಳಿದ.
ನನಗೆ ಗೊತ್ತಿದ್ದದ್ದು ಮೇಜಿನ ವಿಷಯ.
ನಲವತ್ತು ದಿನದಲ್ಲಿ ಮೊದಲ ತುಕಡಿಯಂತೆ, ಅಂದೆ.
ಅವನು ಬೆರಳು ಮಡಚಿ ಎಣಿಸತೊಡಗಿದ,
ಹತ್ತೊಂಬತ್ತರ ಮುಂದಿನಿಂದ.

ಬಟ್ಟೆ ಸರಿಸಿ ನೋಡಿದರೆ
ನಾಲ್ಕು ಚಕ್ಕೆಯೂ ಅಲ್ಲಲ್ಲೇ,
ಒಂದರ ಅಂಚು ಮಾತ್ರ ಜಜ್ಜಿತ್ತು.
ಕಿತ್ತು ಎಸೆ ಎಂದಿದ್ದರು. ಜೇಬಿಗೆ ಹಾಕಿಕೊಂಡೆ.
ಮುಂದಿನ ತಿಂಗಳು ಮತ್ತೆ ಬರುತ್ತಾರಂತೆ.