ಯಾರ ಪೈಕಿ

ಮೊದಲೇ ಹೇಳಿದ್ದೆ: ಪರೀಕ್ಷೆ ನಿಮಗಲ್ಲ, ಈ ಪುಟಕ್ಕೆ.
ತಪ್ಪಾದರೆ ತಪ್ಪು ಅದರದು.
ಅನಿಸಿದ್ದನ್ನೆಲ್ಲ ಬಾಯಿಬಿಟ್ಟು ಹೇಳುತ್ತಿರಿ,
ನಾನು ಮಾತ್ರ ಮಾತಾಡುವುದಿಲ್ಲ.
ದೀಪಾಲಿ ಹರಿಕಂತ್ರ ತಲೆಯಾಡಿಸಿ
ದುಪಟ್ಟಾದ ತುದಿಯಿಂದ ಮೌಸು ಒರೆಸಿದಳು.

ಕೋಡಿಬಾಗದ ಲೈಬ್ರರಿ, ಬೆಳಗಿನ ಹನ್ನೊಂದು.
ಕಿಟಕಿಯಾಚೆ ಕಾಳಿ ಇಳಿತದಲ್ಲಿತ್ತು,
ಸದಾಶಿವಗಡದ ಬುಡದಲ್ಲಿ ಕೆಸರು ಬೆನ್ನು ತೋರಿಸುತ್ತಿತ್ತು.
ನನ್ನ ಕೈಯಲ್ಲಿ ಗಡಿಯಾರ, ಏಳನೆಯ ಹಾಳೆ.
ಕೆಲಸ ಒಂದೇ: ಕಾಳಿಯ ಬಾಯಲ್ಲಿ ಸಿಗುವ ಬಳಚಿನ ಮೇಲೆ
ಯಾರೋ ಬರೆದ ಹನ್ನೆರಡು ಪುಟದ ಲೇಖನ ತೆರೆಯಿರಿ.

ಸಾರಾಂಶ ಸಿಕ್ಕಿತು. ಕೆಳಗೆ ಬೀಗ.
ಕೊಂಡರೆ ಮೂವತ್ತೊಂಬತ್ತು ಡಾಲರು;
ಕೊಳ್ಳದಿದ್ದರೆ, ನಿಮ್ಮ ಸಂಸ್ಥೆ ಯಾವುದು?
"ಇದು ನಮ್ಮಜ್ಜಿ ಕೇಳಿದ ಹಾಗೇ ಆಯ್ತು," ಅಂದಳು,
"ಅಂಗಳಕ್ಕೆ ಯಾರೇ ಬರಲಿ, ಮೊದಲು ಯಾರ ಪೈಕಿ?
ಅಜ್ಜಿ ಕೇಳುತ್ತ ಕೇಳುತ್ತಲೇ ನೀರು ಕೊಡುತ್ತಿದ್ದಳು, ಅಷ್ಟೇ."

ಕಾರವಾರ ಎಂದು ಟೈಪಿಸಿದಳು. ಇಲ್ಲ.
ಡಬ್ಲ್ಯು ತೆಗೆದು ವಿ ಹಾಕಿದಳು. ಇಲ್ಲ.
ಧಾರವಾಡ ಎಂದಳು: ಒಂದೇ ಹೆಸರಿನ ಮೂವರು ಸಾಲಾಗಿ ನಿಂತರು,
ಒಬ್ಬರ ಹಣೆಯಲ್ಲಷ್ಟೇ ಪುಟ್ಟ ಮುದ್ರೆ.
ಮೊದಲನೆಯವರು ಕೆಂಪಗಾದರು.
ಎರಡನೆಯವರು ಪಾಸ್‌ವರ್ಡ್ ಕೇಳಿ, ಪಡೆದು,
ಊರೆಲ್ಲ ಸುತ್ತಿಸಿ ತಂದು
ಅದೇ ಸಾರಾಂಶದ ಎದುರು ಇಳಿಸಿ ಹೋದರು.
"ಸಾರಿ," ಅಂದಳು. ನನಗಲ್ಲ, ಪರದೆಗೆ.

ಬರೆದುಕೊಂಡೆ: ನಿಮಿಷ ನಾಲ್ಕು, ಕ್ಷಮೆ ಮೂರನೇ ಸಲ.

ಗ್ರಂಥಪಾಲ ಪಾವಸ್ಕರರು ಬಾಗಿಲಲ್ಲಿ ಇಣುಕಿ
"ನಮ್ಮ ಕಾಂಪೌಂಡಿನ ಒಳಗೆ ಕೂತರೆ ತಾನಾಗಿ ತೆರೀತದೆ" ಎಂದರು.
ಅವಳು ಒಳಗೇ ಕೂತಿರುವುದನ್ನು ಕಂಡು
ಕನ್ನಡಕ ಸರಿಮಾಡಿಕೊಂಡು ಹೊರಟುಹೋದರು.

ನನಗೆ ಗೊತ್ತು ಆ ಬಾಗಿಲು.
ಮೂರನೆಯ ಹೆಸರಿನ ಬಲಕ್ಕೆ, ಬೂದಿ ಬಣ್ಣದ ಚಿಕ್ಕ ಅಕ್ಷರದಲ್ಲಿ
'ಬೇರೆ ದಾರಿ' ಎಂದಿದೆ.
ನಾಲಿಗೆ ಕಚ್ಚಿ ಕೂತೆ. ಈ ಕಸುಬಿನ ನೇಮ ಅದು:
ಮುಳುಗುವವರ ಎದುರು ನೀರಿನ ಆಳ ಬರೆದುಕೊಳ್ಳಬೇಕು,
ಕೈ ನೀಡಬಾರದು.

ಎಂಟನೆಯ ನಿಮಿಷ ಅವಳು ಮೌಸು ಬಿಟ್ಟಳು.
ಫೋನು ತೆಗೆದು ಗೋವೆಯ ಯಾರಿಗೋ ಒಂದು ಸಾಲು.
ನಲವತ್ತು ಸೆಕೆಂಡು. ಟಿಣ್.
ಹನ್ನೆರಡು ಪುಟವೂ ಅಂಗೈಯಲ್ಲಿ.
"ನಾವೆಲ್ಲ ಹೀಗೇ ಓದೋದು. ಇದನ್ನ ಬರೀಬೇಡಿ."
ಬರೆಯೋಣವೆಂದರೂ ನನ್ನ ಹಾಳೆಯಲ್ಲಿ
ಅದಕ್ಕೊಂದು ಕಾಲಮ್ಮು ಇರಲಿಲ್ಲ.

ಆಮೇಲೆ ನನ್ನನ್ನು ಮರೆತು ಓದತೊಡಗಿದಳು,
ಕೋಷ್ಟಕವನ್ನು ಬೆರಳಲ್ಲಿ ಹಿಗ್ಗಿಸುತ್ತ:
"ನಾಲ್ಕನೇ ನೆಲೆ... ಇದು ನಮ್ಮ ದೋಣಿ ಕಟ್ಟೋ ಜಾಗ.
ಚದರ ಮೀಟರಿಗೆ ಇನ್ನೂರ ಹದಿನಾರು ಬಳಚಂತೆ.
ಈಗೆಲ್ಲುಂಟು? ಮೌಶಿ ಅರ್ಧ ದಿನ ಕಾಲಲ್ಲಿ ತಡಕಿದರೂ
ಒಂದು ಬುಟ್ಟಿ ತುಂಬೋದಿಲ್ಲ."
ಕಡೆಯ ಪುಟ, ಕೃತಜ್ಞತೆ.
ಹಣ ಕೊಟ್ಟವರು, ಯಂತ್ರ ಕೊಟ್ಟವರು,
ಕೊನೆಗೆ 'ಸ್ಥಳೀಯ ಮಹಿಳೆಯೊಬ್ಬರು'.
ಬೆರಳು ಅಲ್ಲೇ ನಿಂತಿತು.
"ಆ ವರ್ಷ ಪ್ಯಾಂಟು ಮಡಚಿಕೊಂಡು ಇಬ್ಬರು ಬಂದಿದ್ದರು.
ಕೆಸರಲ್ಲಿ ಸೊಂಟದವರೆಗೆ ಹೂತವರನ್ನ ಎಳೆದು ತೆಗೆದದ್ದು ಮೌಶಿ.
ಯಾರ ಪೈಕಿ ಅಂತ ಕೇಳಿದ್ದು ದಂಡೆಗೆ ತಂದ ಮೇಲೆ."

ಗಡಿಯಾರ ಇನ್ನೂ ಓಡುತ್ತಿತ್ತು. ನಿಲ್ಲಿಸಿದೆ.
ಫಲಿತಾಂಶದ ಚೌಕದಲ್ಲಿ 'ವಿಫಲ' ಎಂದು ಗುರುತು ಹಾಕಿದೆ,
ಯಾರು ಎಂದು ಬರೆಯಲು ಜಾಗವಿಲ್ಲ.
ವಂದನೆ ಹೇಳಿ ಇನ್ನೂರು ರೂಪಾಯಿಯ ಕೂಪನ್ ಕಳಿಸಿದರೆ
ಅದನ್ನು ತೆರೆಯಲೂ ಒಂದು ಖಾತೆ ಬೇಕೆಂದಿತು.
ನಕ್ಕಳು. ಚಪ್ಪಲಿ ಮೆಟ್ಟಿಕೊಂಡು, ತಿರುಗಿ,
"ನಾ ಪಾಸಾ, ಮೇಡಂ?"