ವರ್ಷಕ್ಕೆ ಎರಡು ಸುಳ್ಳು

ಮೊದಲು ವರ್ಷಕ್ಕೆ ಹನ್ನೆರಡು ಬೇಕಿತ್ತು.
ಗೇರುಬೀಜದ ಫ್ಯಾಕ್ಟರಿಯ ರೈಟರು ಸಂಜೀವಣ್ಣನ ಮುಂದೆ
ಒಮ್ಮೆ ಹಲ್ಲುನೋವು, ಒಮ್ಮೆ ಆಧಾರ್ ಕಾರ್ಡಿನ ತಿದ್ದುಪಡಿ,
ಒಮ್ಮೆ ಬಜಪೆಯಲ್ಲಿ ಅತ್ತಿಗೆಯ ಸೀಮಂತ.
ಆ ಅತ್ತಿಗೆ ಮೂರು ವರ್ಷದಲ್ಲಿ ಐದು ಸಲ ಬಸುರಿಯಾದಳು.
"ಎಂತ ಮಾರಾಯ್ತಿ, ನಿನ್ನ ಅಣ್ಣನಿಗೆ ಬೇರೆ ಕೆಲಸ ಇಲ್ಲವಾ?"
ಅವರು ನಕ್ಕರು, ನಾನೂ ನಕ್ಕೆ.
ನನಗೆ ಅಣ್ಣನೇ ಇಲ್ಲ.

ಮೇ ತಿಂಗಳಲ್ಲಿ ಆಸ್ಪತ್ರೆಯ ಕೌಂಟರಿನ ಹುಡುಗ
ಒಂದರ ಬದಲು ಆರು ಬಾಟಲಿ ಇಟ್ಟ.
ರಕ್ತದ ಚೀಟಿ ನೋಡಿ ಡಾಕ್ಟರಮ್ಮ ಹೇಳಿದ್ದರು:
"ವೈರಸ್ಸು ಲೆಕ್ಕಕ್ಕೆ ಸಿಗುವಷ್ಟೂ ಇಲ್ಲ.
ತಿಂಗಳು ತಿಂಗಳು ಯಾಕೆ ಬರುತ್ತೀರಿ? ಇನ್ನು ನವೆಂಬರಿಗೆ ಬನ್ನಿ.
ನಡುವೆ ಹುಷಾರಿಲ್ಲದಿದ್ದರೆ ಮಾತ್ರ ತಾರೀಕು ಕಾಯಬೇಡಿ."
ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡೆ.
ಸಂಘದ ಸಾಲಕ್ಕೆ ವಾರ ವಾರ ಸಹಿ,
ರೇಷನ್ನಿಗೆ ತಿಂಗಳು ತಿಂಗಳು ಹೆಬ್ಬೆಟ್ಟು;
ಆರು ತಿಂಗಳು ಒಟ್ಟಿಗೆ ನನ್ನನ್ನು ನಂಬಿದವರು
ಇದುವರೆಗೆ ಯಾರೂ ಇರಲಿಲ್ಲ,
ಕಟ್ಟಿಕೊಂಡವನೂ ಸೇರಿ.
(ಅವನನ್ನು ನಾನು ನಂಬಿದ್ದೆ. ಅದು ಬೇರೆ ಕತೆ.)

ಆದರೆ ಆರು ಬಾಟಲಿ ಸದ್ದು ಮಾಡುತ್ತವೆ.
ಮೋರ್ಗನ್ಸ್ ಗೇಟಿನ ತಿರುವಿನಲ್ಲಿ ಬಸ್ಸು ವಾಲಿದಾಗ
ಬ್ಯಾಗಿನೊಳಗೆ ಗಲಗಲ ಗಲಗಲ.
ಪಕ್ಕದವಳು ತಿರುಗಿ ನೋಡಿದಳು.
"ಮಗುವಿಗೆ ಗಿಲಕಿ" ಎಂದೆ.
ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಮನೆಯಲ್ಲಿ ಒಂದಕ್ಕೆ ಜಾಗ ಇತ್ತು, ದೇವರ ಫೋಟೋದ ಹಿಂದೆ.
ಆರಕ್ಕೆ? ಮಗ ಹೈಸ್ಕೂಲು, ಎಲ್ಲ ಎಳೆದು ನೋಡುವ ಪ್ರಾಯ.
ಕುಚ್ಚಲಕ್ಕಿಯ ಡಬ್ಬಿಯ ತಳದಲ್ಲಿ ಹೂತಿಟ್ಟೆ.
ಈಗ ಅಕ್ಕಿ ಅಳೆಯುವಾಗ ಸೇರು ಟಕ್ ಅಂದರೆ
ಅಂಗಡಿಗೆ ಹೋಗುವ ಹೊತ್ತಾಯಿತು ಎಂದರ್ಥ.

ಹತ್ತು ದಿನದ ಕೂಲಿ ಉಳಿಯುತ್ತದೆ ವರ್ಷಕ್ಕೆ.
ಅದರಲ್ಲಿ ಮಗನಿಗೆ ಕನ್ನಡಕ ಆಯಿತು.
ಎಲ್ಲ ಒಳ್ಳೆಯದೇ.
ಆದರೂ ಎರಡನೇ ಬುಧವಾರ ಬಂದರೆ
ಬೀಜ ಸುಲಿಯುವ ಕೈ ಸ್ವಲ್ಪ ನಿಧಾನ.

ಆ ಕಬ್ಬಿಣದ ಬೆಂಚಿಗೆ ಒಂದು ಕಾಲು ಗಿಡ್ಡ,
ಒಬ್ಬರು ಎದ್ದರೆ ಉಳಿದವರು ವಾಲುತ್ತಿದ್ದೆವು.
ಫರಂಗಿಪೇಟೆಯ ಜೈನಾಬಿ ಬುತ್ತಿ ಬಿಚ್ಚಿ
ಕೇಳದೆಯೇ ಅರ್ಧ ಪತ್ತಿರ್ ಮುರಿದು ಕೊಡುತ್ತಿದ್ದಳು.
ಲಾರಿ ಬಿಟ್ಟುಕೊಂಡಿದ್ದ ವಾಮನಣ್ಣ
ಪ್ರತಿ ಸಲ ತನ್ನ ತೂಕ ಹೇಳುತ್ತಿದ್ದರು,
ಚಿನ್ನದ ರೇಟು ಹೇಳಿದ ಹಾಗೆ.
ಅಲ್ಲಿ ಯಾರ ಅತ್ತಿಗೆಯೂ
ಬಸುರಿಯಾಗಬೇಕಿರಲಿಲ್ಲ.

ಈಗ ಒಬ್ಬೊಬ್ಬರಿಗೆ ಒಂದೊಂದು ತಾರೀಕು.
ಫೋನ್ ನಂಬರು ಯಾರೂ ಕೇಳಿರಲಿಲ್ಲ.
ಗೇಟು ದಾಟಿದ ಮೇಲೆ ಗುರುತಿಲ್ಲ,
ಅದು ನಾವೇ ಮಾಡಿಕೊಂಡ ಕಾನೂನು.

ಮೊನ್ನೆ, ಸೆಪ್ಟೆಂಬರದ ಬುಧವಾರ ಸಂಜೆ,
ಸ್ಟೇಟ್ ಬ್ಯಾಂಕ್ ಹತ್ತಿರ ಮೀನು ಮಾರ್ಕೆಟಿನಲ್ಲಿ
ಬೊಳಂಜೀರಿಗೆ ಚೌಕಾಶಿ ಮಾಡುವ ಸ್ವರ, ಅವಳದೇ.
ಜೊತೆಗೆ ಅಳಿಯನೋ ಏನೋ, ಗಡ್ಡದ ಹುಡುಗ.
ಕಣ್ಣು ತಾಗಿತು, ಸರಿಯಿತು.
ಹೋಗುವಾಗ ಅವಳು ಚೀಲವನ್ನು ಒಮ್ಮೆ
ನೀರು ಕೊಡವುವ ಹಾಗೆ ಅಲುಗಿಸಿದಳು:
ಗಲಗಲ.

ಮನೆಗೆ ಬರುವ ತನಕ ಬೆರಳು ಮಡಚಿ ಎಣಿಸಿದೆ.
ಸೆಪ್ಟೆಂಬರಿಗೆ ಆರು ಸೇರಿದರೆ ಮಾರ್ಚು.

ವರ್ಷಕ್ಕೆ ಎರಡು ಸಾಕು, ನಿಜ.
ಮೂರನೆಯದೊಂದನ್ನು ಈಗಲೇ ಹೊಂದಿಸುತ್ತಿದ್ದೇನೆ.
ಸಂಜೀವಣ್ಣ ನಗಲಿ,
ಬಜಪೆಯ ಅತ್ತಿಗೆಗೆ
ಇನ್ನೂ ಒಂದು ಆಗಲಿ.